ಹತ್ತು ಗಂಟೆಗೆ ಖಾಲಿಯಾಗುವ ಹೋಟೆಲು



ನಮ್ಮ ಕಡೆಯ ಹೋಟೆಲುಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿ ಎಂದು ಆಕಾಶವಾಣಿಯವರು ಕರೆದಾಗ ನಾನು ಮೊದಲು ಕೇಳಿದ್ದು, ಹೆಸರು ಹೇಳಬಹುದೇ ಎಂದು. ಹೇಳುವ ಹಾಗಿಲ್ಲ ಎಂದರು. ಹೊಗಳಿದರೆ ಜಾಹೀರಾತಾಗುತ್ತದೆ, ಬೈದರೆ ತಕರಾರಾಗುತ್ತದೆ. ಆದ್ದರಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅರಸೀಕೆರೆ, ಬಾಣಾವರ, ಕಡೂರು, ಇಷ್ಟು ಸುತ್ತಿನಲ್ಲಿ ನಾನು ತಿಂದದ್ದನ್ನೂ ಕಂಡದ್ದನ್ನೂ ಹೆಸರಿಲ್ಲದೆ ಹೇಳುತ್ತೇನೆ. ಯಾರದೆಂದು ನಿಮಗೆ ಹೊಳೆದರೆ ಹೊಳೆಯಲಿ. ಗಲ್ಲಾದ ಪಕ್ಕ ರೇಡಿಯೋ ಇಟ್ಟುಕೊಂಡು ಕೇಳುತ್ತಿರುವ ಮಾಲೀಕರು ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸುವುದು ಬೇಡ. ಗಿರಾಕಿಗಳ ಸರದಿಯೂ ಬರುತ್ತದೆ.

ಹಳ್ಳಿ ಹೋಟೆಲಿನ ಬಗ್ಗೆ ನಮಗೆ ಕೇಳಿಸುವುದು ಎರಡೇ ಥರದ ಮಾತು. ಒಂದು, ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬರುವ ಹುಡುಗರದು. ಸೌದೆ ಒಲೆ ಕಂಡರೆ ಅವರಿಗೆ ಅರ್ಧ ಹೊಟ್ಟೆ ತುಂಬುತ್ತದೆ. ಒಲೆಯ ಮುಂದೆ ಅಜ್ಜಿಯೊಬ್ಬರು ಕೂತಿದ್ದರಂತೂ ಬಾಯಿಗಿಟ್ಟದ್ದೆಲ್ಲ ಅಮೃತ. ಆ ಅಜ್ಜಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ, ಹೊಗೆಗೆ ಕಣ್ಣುರಿದು ಸಾಕಾಗಿದೆ ಕಣಪ್ಪ, ಹೋಟೆಲಿಗೆ ಅಂತ ಕೊಡೋ 19 ಕೆ.ಜಿ. ಸಿಲಿಂಡರಿಗೆ ದುಡ್ಡು ಹೊಂದೋದಿಲ್ಲ, ಅದಕ್ಕೇ ತೆಂಗಿನ ಮಟ್ಟೆ ಉರಿಸ್ತಾ ಇದೀನಿ ಎಂದಾರು. ಇನ್ನೊಂದು, ಊರಿನವರ ಮಾತು. ಅದು ಹೋಟೆಲಿನೊಳಗೆ ಹುಟ್ಟುವುದಿಲ್ಲ, ಅರಳಿಕಟ್ಟೆಯ ಮೇಲೆ ಹುಟ್ಟುತ್ತದೆ. "ಅದೂ ಒಂದು ಸಾಂಬಾರಾ? ಕೈ ತೊಳೆದ ನೀರು ಕಣ್ಲಾ" ಎಂದವನೇ ಮರುದಿನ ಬೆಳಿಗ್ಗೆ ಬೆಂಚಿನ ಮೇಲೆ ಕೂತು, "ಸಾಂಬಾರು ಚೆನ್ನಾಗೈತೆ, ಇನ್ನೊಂದು ಸೌಟು ಬಿಡು" ಎನ್ನುತ್ತಾನೆ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಊರಿಗೆ ಇರುವುದು ಒಂದೋ ಎರಡೋ ಹೋಟೆಲು. ಮಾಲೀಕ ನೆಂಟ, ಇಲ್ಲವೇ ನೆಂಟನ ನೆಂಟ. ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಪಾರ್ಟಿಯವನು. ಎಲ್ಲಕ್ಕೂ ಮಿಗಿಲಾಗಿ ಅವನ ಗಲ್ಲಾದ ಕೆಳಗೆ ಒಂದು ಉದ್ದನೆಯ ಪುಸ್ತಕವಿದೆ, ಅದರಲ್ಲಿ ನಮ್ಮ ಹೆಸರಿದೆ. ಸಾಲಕ್ಕೆ ಇಡ್ಲಿ ತಿಂದವನು ಇಡ್ಲಿ ಗಟ್ಟಿಯಾಗಿದೆ ಎನ್ನಲಾರ. ಹೀಗಾಗಿ ಚೆನ್ನಾಗಿ ಮಾಡುವವನಿಗೆ ತಾನು ಏನನ್ನು ಚೆನ್ನಾಗಿ ಮಾಡುತ್ತಿದ್ದೇನೆ ಎಂಬುದು ತಿಳಿಯುವುದಿಲ್ಲ, ಕೆಡಿಸುವವನಿಗೆ ಎಲ್ಲಿ ಕೆಡುತ್ತಿದೆ ಎಂಬುದೂ ತಿಳಿಯುವುದಿಲ್ಲ. ಒಂದು ದಿನ ಅವನು ಬಾಗಿಲು ಹಾಕಿಕೊಂಡು ಪೀಣ್ಯಕ್ಕೋ ನೆಲಮಂಗಲಕ್ಕೋ ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಾನೆ. ಆಗ ನಾವು "ಪಾಪ, ಅವನ ಟೈಮ್ ಸರಿಯಿರಲಿಲ್ಲ" ಎನ್ನುತ್ತೇವೆ.

ನಾನು ನನ್ನದೇ ಒಂದು ಅಳತೆ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ಇಡ್ಲಿ ಕೇಳಿದರೆ "ಖಾಲಿ ಆಯ್ತು" ಎನ್ನುವ ಹೋಟೆಲು ಒಳ್ಳೆಯ ಹೋಟೆಲು. ಅವನು ಲೆಕ್ಕ ಹಾಕಿ ಅಕ್ಕಿ ನೆನೆಸಿದ್ದಾನೆ, ಬರುವವರೆಷ್ಟು ಎಂದು ಅವನಿಗೆ ಗೊತ್ತಿದೆ, ಪಾತ್ರೆ ತೊಳೆದು ಬೋರಲು ಹಾಕಿದ್ದಾನೆ. ಮಧ್ಯಾಹ್ನ ಮೂರಕ್ಕೂ ಇಡ್ಲಿ ಇದೆ, ರಾತ್ರಿ ಎಂಟಕ್ಕೂ ಇದೆ ಎಂದರೆ ಅದು ಯಾವ ಹೊತ್ತಿನದು ಎಂದು ಕೇಳಬೇಕಾಗುತ್ತದೆ. ಹಳ್ಳಿಯಲ್ಲಿ ರಾತ್ರಿ ಎಂಟಕ್ಕೆ ಇಡ್ಲಿ ತಿನ್ನುವವರು ಎಷ್ಟು ಜನ ಸ್ವಾಮಿ?

ಈ ಅಳತೆಗೆ ಸರಿಹೊಂದುವ ಒಂದು ಹೋಟೆಲು ಸಂತೆ ಮೈದಾನದ ಅಂಚಿನಲ್ಲಿದೆ. ಗಂಡ ಹೆಂಡತಿ ಇಬ್ಬರೇ. ತಟ್ಟೆ ಇಡ್ಲಿ, ಕೆಂಪು ಚಟ್ನಿ, ಒಂದು ಉದ್ದಿನ ವಡೆ, ಟೀ, ಅಷ್ಟೇ. ಸಾಂಬಾರೇ ಇಲ್ಲ. ಮೊದಲನೇ ಬಸ್ಸಿಗೆ ಹೋಗುವವರು ಕತ್ತಲಲ್ಲೇ ಬಂದು ನಿಲ್ಲುತ್ತಾರೆ. ಇಡ್ಲಿ ತಟ್ಟೆಯಿಂದ ಎತ್ತುವಾಗ ಅಂಚು ಹರಿಯುವುದಿಲ್ಲ, ಮಧ್ಯ ಅದುಮಿದರೆ ಮತ್ತೆ ಏಳುತ್ತದೆ. ಉದ್ದು ಕಡಿಮೆ ಮಾಡಿಲ್ಲ, ಅವಲಕ್ಕಿ ಹಾಕುತ್ತಾರೆ, ಹಾಕುತ್ತೇವೆ ಎಂದು ಹೇಳಿಯೂ ಹೇಳುತ್ತಾರೆ. ಆದರೆ ಅಲ್ಲೂ ಒಂದು ದೂರಿದೆ. ಟೀ ಮಾತ್ರ ಕುಡಿಯಲಾಗದು. ಬೆಳಿಗ್ಗೆ ಐದಕ್ಕೆ ಕುದಿಯಲು ಇಟ್ಟ ಸೊಪ್ಪಿನ ಮೇಲೇ ಹಾಲು, ನೀರು, ಸಕ್ಕರೆ ಸುರಿಯುತ್ತ ಹೋಗುತ್ತಾರೆ. ಎಂಟರ ಹೊತ್ತಿಗೆ ಅದು ಟೀ ಅಲ್ಲ, ಕಷಾಯ. ಇದನ್ನು ಅವರಿಗೆ ಹೇಳಿದೆ. ಆಯಮ್ಮ ನಕ್ಕು, "ಟೀ ನಮ್ಮೆಜಮಾನರದು, ಅವರನ್ನೇ ಕೇಳಿ ಮೇಷ್ಟ್ರೇ" ಅಂದರು. ಯಜಮಾನರು ಕೇಳಿಸದವರಂತೆ ಲೋಟ ತೊಳೆಯುತ್ತಿದ್ದರು.

ಇಡ್ಲಿಯ ಮಾತು ಬಂದದ್ದರಿಂದ ಸೋಡಾದ ಮಾತನ್ನೂ ಆಡಿಬಿಡುತ್ತೇನೆ. ಬಯಲುಸೀಮೆಯ ಚಳಿಗಾಲದ ರಾತ್ರಿ ಹಿಟ್ಟು ಹುಳಿ ಬರುವುದಿಲ್ಲ, ಉಬ್ಬುವುದಿಲ್ಲ. ಮನೆಯಲ್ಲಾದರೆ ಇಂದು ಇಡ್ಲಿ ಬೇಡ, ಉಪ್ಪಿಟ್ಟು ಮಾಡು ಎನ್ನಬಹುದು. ಹೋಟೆಲಿನವನಿಗೆ ಬೆಳಿಗ್ಗೆ ಐದೂವರೆಗೆ ಒಲೆಯ ಮೇಲೆ ಪಾತ್ರೆ ಇರಲೇಬೇಕು. ಆಗ ಡಬ್ಬಿಯಿಂದ ಅಡುಗೆ ಸೋಡಾ ಇಳಿಯುತ್ತದೆ. ಒಂದು ಚಿಟಿಕೆಗೆ ನಾನು ಯಾರನ್ನೂ ಬೈಯುವುದಿಲ್ಲ. ಡಿಸೆಂಬರಿನಲ್ಲಿ ಕೆಳಗಿಳಿದ ಡಬ್ಬಿ ಏಪ್ರಿಲಿನಲ್ಲೂ ಮೇಲೆ ಹೋಗದಿದ್ದರೆ ಅದು ಸೋಮಾರಿತನ. ಏಪ್ರಿಲಿನ ಸೆಕೆಗೆ ಹಿಟ್ಟು ತಾನಾಗಿಯೇ ಪಾತ್ರೆ ಮೀರಿ ಉಕ್ಕುತ್ತದೆ. ಸೋಡಾ ಹೆಚ್ಚಾದ ಇಡ್ಲಿ ಕೊಂಚ ಹಳದಿ ತಿರುಗಿರುತ್ತದೆ, ತಿಂದ ಮೇಲೆ ನಾಲಗೆಯ ಮೇಲೆ ಸಾಬೂನಿನಂಥ ಒಗರು ಉಳಿಯುತ್ತದೆ, ಬಸ್ಸು ಮುಂದಿನ ಊರು ಮುಟ್ಟುವುದರೊಳಗೆ ಬಾಯಾರಿಕೆ ಹತ್ತುತ್ತದೆ.

ತಟ್ಟೆಗೆ ಹಾಸುವುದರ ಬಗ್ಗೆ ನಾನು ಇಷ್ಟು ಮೆತ್ತಗೆ ಮಾತಾಡಲಾರೆ. ಹಿಂದೆ ತೆಳು ಹತ್ತಿಬಟ್ಟೆ ಹಾಸುತ್ತಿದ್ದರು. ಅದನ್ನು ದಿನಾ ಒಗೆಯಬೇಕು, ಒಣಗಿಸಬೇಕು. ಪ್ಲಾಸ್ಟಿಕ್ ಹಾಳೆಯಾದರೆ ಇಡ್ಲಿ ಸಲೀಸಾಗಿ ಬಿಡುತ್ತದೆ, ಕೆಲಸ ಉಳಿಯುತ್ತದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತೆ ಇಲಾಖೆಯವರು ಸುಮಾರು 250 ಕಡೆ ಪರಿಶೀಲಿಸಿದಾಗ 50ಕ್ಕೂ ಹೆಚ್ಚು ಕಡೆ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಸಿಕ್ಕಿತು, ಆರೋಗ್ಯ ಸಚಿವರು ಅದನ್ನು ನಿಷೇಧಿಸುವುದಾಗಿ ಹೇಳಿದರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ನಾವು ಓದಿದ್ದು ಎಲ್ಲಿ? ಹೋಟೆಲಿನಲ್ಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಂದ ಇಡ್ಲಿ ತಿನ್ನುತ್ತ. ಓದಿದ ಹಿರಿಯರೊಬ್ಬರು "ಬೆಂಗಳೂರಲ್ಲಿ ಏನೇನೋ ಮಾಡ್ತಾರಪ್ಪ" ಎಂದು ಪತ್ರಿಕೆ ಮಡಚಿಟ್ಟರು. ಒಳಗೆ ಹಬೆಯಾಡುತ್ತಿದ್ದ ಪಾತ್ರೆಯ ಕಡೆ ತಿರುಗಿ ನೋಡಲು ಯಾರಿಗೂ ಧೈರ್ಯವಿರಲಿಲ್ಲ. ಬಿಸಿ ಪ್ಲಾಸ್ಟಿಕ್ಕಿನಿಂದ ಬಿಡುವ ರಾಸಾಯನಿಕಗಳಿಗೆ ಊರು ಹಳ್ಳಿಯೋ ಪೇಟೆಯೋ ಎಂಬ ಭೇದವಿಲ್ಲ. ಬಿಸಿ ಸಾಂಬಾರನ್ನು ತೆಳು ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಸುತ್ತಿ ಕೊಡುವ ಪಾರ್ಸಲ್ಲೂ ಇದೇ ಲೆಕ್ಕದ್ದು. ಮನೆಯಿಂದ ಒಂದು ಮುಚ್ಚಳದ ಪಾತ್ರೆ ಒಯ್ಯಲು ನಮಗೆ ನಾಚಿಕೆ.

ಇನ್ನು ಚಟ್ನಿ. ಇದರ ಬಗ್ಗೆ ಹೇಳುವುದಕ್ಕೇ ನಾನು ಈ ಭಾಷಣಕ್ಕೆ ಒಪ್ಪಿದ್ದು.

ನಮ್ಮದು ತೆಂಗಿನ ಸೀಮೆ. ತಿಪಟೂರಿನ ಉಂಡೆ ಕೊಬ್ಬರಿ ಉತ್ತರ ಭಾರತದವರೆಗೂ ಹೋಗುತ್ತದೆ. ಹೋಟೆಲಿನ ಹಿತ್ತಿಲಲ್ಲಿ ತೆಂಗಿನಮರ, ಎದುರಿನ ತೋಟದಲ್ಲಿ ತೆಂಗಿನಮರ, ಬಸ್ಸಿನ ಕಿಟಕಿಯಲ್ಲಿ ಮೈಲಿಗಟ್ಟಲೆ ತೆಂಗಿನಮರ. ಒಳಗೆ ಬಂದು ಕೂತರೆ ಚಟ್ನಿಯಲ್ಲಿ ಕಾಯಿ ಇಲ್ಲ! ಹುರಿಗಡಲೆ, ಹಸಿಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಕಡ್ಡಿ, ಉಳಿದದ್ದು ನೀರು. ಇಡ್ಲಿಯ ಮೇಲೆ ಹಾಕಿದರೆ ನೀರು ಒಂದು ದಿಕ್ಕಿಗೆ ಹೋಗುತ್ತದೆ, ಹುರಿಗಡಲೆಯ ಹಿಟ್ಟು ಇನ್ನೊಂದು ದಿಕ್ಕಿಗೆ. ಕೇಳಿದರೆ, ಕಾಯಿ ರೇಟು ನೋಡಿ ಮೇಷ್ಟ್ರೇ ಎನ್ನುತ್ತಾರೆ. ರೇಟು ನಿಜ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಅದರ ಎರಡು ಪಟ್ಟು ದಾಟಿ ಹೋಯಿತು, ಹಸಿ ಕಾಯಿಯೂ ಅದರ ಹಿಂದೆಯೇ ಏರಿತು. ಆಗ ಚಟ್ನಿಗೆ ಕಾಯಿ ಹಾಕು ಎಂದು ಹೋಟೆಲಿನವನಿಗೆ ಹೇಳುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಿ. 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿದಿದ್ದರು. ಕಾಯಿ ಕೇಳುವವರಿಲ್ಲದೆ ತೋಟದಲ್ಲಿ ರಾಶಿ ಬಿದ್ದಿತ್ತು. ಆಗಲೂ ಚಟ್ನಿಯಲ್ಲಿ ಇದ್ದದ್ದು ಹುರಿಗಡಲೆಯೇ. ಬೆಲೆ ಏರಿದಾಗ ಕಾಯಿ ಹೋಟೆಲಿನಿಂದ ಹೊರಗೆ ಹೋಗುತ್ತದೆ, ಇಳಿದಾಗ ಒಳಗೆ ಬರುವ ದಾರಿಯನ್ನು ಮರೆಯುತ್ತದೆ.

ಇದರಲ್ಲಿ ತೋಟವಿರುವವರ ಪಾತ್ರವೂ ಇದೆ. ಮನೆಯಲ್ಲಿ ಕಾಯಿ ತುರಿದು ಗಟ್ಟಿ ಚಟ್ನಿ ತಿಂದು ಬಂದವರು ಹೋಟೆಲಿನಲ್ಲಿ ಯಾವ ನೀರು ಕೊಟ್ಟರೂ ಸುಮ್ಮನಿರುತ್ತಾರೆ, ಯಾಕೆಂದರೆ ಅವರು ಹೋಟೆಲಿಗೆ ಬರುವುದು ತಿನ್ನಲಿಕ್ಕಲ್ಲ, ಕೂರಲಿಕ್ಕೆ. ನನ್ನ ಸಲಹೆ ಇಷ್ಟೆ: ಕಾಯಿ ಚಟ್ನಿಗೆ ಬೇರೆ ದುಡ್ಡು ಹಾಕಿ. ಬೋರ್ಡಿನಲ್ಲಿ ಬರೆಯಿರಿ. ವಡೆಗೆ ಬೇರೆ ಕೊಡುತ್ತೇವೆ, ತುಪ್ಪಕ್ಕೆ ಬೇರೆ ಕೊಡುತ್ತೇವೆ, ಚಟ್ನಿಗೂ ಕೊಡುತ್ತೇವೆ. ಪುಕ್ಕಟೆ ಎಂದು ಕೊಡುವುದರಿಂದಲೇ ಅದು ಹಾಗೆ ನೀರಾಗಿದೆ.

ಈಗ ತಾಲ್ಲೂಕು ಕೇಂದ್ರಗಳ ಹೊಸ ಹೋಟೆಲುಗಳಿಗೆ ಬರುತ್ತೇನೆ. ಮೆನು ಕಾರ್ಡು ಮದುವೆ ಆಲ್ಬಮ್ಮಿನಷ್ಟು ದಪ್ಪ. ಪನೀರಿಗೆ ಒಂದು ಪುಟ, ಬೇಬಿ ಕಾರ್ನಿಗೆ ಒಂದು ಪುಟ, ಮಶ್ರೂಮಿಗೆ ಒಂದು ಪುಟ. ಅಡುಗೆಮನೆಯಲ್ಲಿ ಇರುವುದು ಒಬ್ಬ ಭಟ್ಟ, ಎರಡು ಬಾಣಲಿ, ಒಂದೇ ಕೆಂಪು ಗ್ರೇವಿ. ನೀವು ಏನೇ ಹೆಸರು ಹೇಳಿ, ಬರುವುದು ಆ ಕೆಂಪೇ. ಗೋಬಿ ಮಂಚೂರಿಯಂತೂ ಬಾಣಾವರದ ಬಸ್ ಸ್ಟ್ಯಾಂಡಿನಿಂದ ಹಿಡಿದು ಜಾತ್ರೆ ಅಂಗಡಿಯವರೆಗೆ ಎಲ್ಲ ಕಡೆ ಒಂದೇ ಬಣ್ಣಕ್ಕೆ ಬಂದಿತ್ತು. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧಿಸಿತು. ಅದಕ್ಕೆ ಮೊದಲು ಪರೀಕ್ಷೆ ಮಾಡಿದ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಸುರಕ್ಷಿತ ಎಂದು ಬಂದಿತ್ತು. ಜೂನಿನಲ್ಲಿ ಕಬಾಬಿಗೂ ಅದೇ ನಿಷೇಧ ಬಂತು. ಕೆಲವು ದಿನ ನಮ್ಮೂರ ಗೋಬಿ ಬಿಳಿಚಿಕೊಂಡಿತ್ತು. ಆಗ ಗಲಾಟೆ ಮಾಡಿದವರು ಅಧಿಕಾರಿಗಳಲ್ಲ, ಗಿರಾಕಿಗಳು. "ಇದೇನಣ್ಣ, ಬೇಯಿಸೇ ಇಲ್ವಾ?" ಎಂದು ಹುಡುಗರು ಕೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಈಗ ಕೆಂಪು ಮತ್ತೆ ಮೆಲ್ಲಗೆ ಹತ್ತುತ್ತಿದೆ. ಬ್ಯಾಡಗಿ ಮೆಣಸಿನಕಾಯಿ ಪುಡಿಯ ಕೆಂಪಾದರೆ ಸಂತೋಷ.

ಕರಿದ ಎಣ್ಣೆಯ ಸಂಗತಿ ಸ್ವಲ್ಪ ಬೇರೆ. ಕರಿದು ಕರಿದು ಎಣ್ಣೆಯಲ್ಲಿ ಬೆಳೆಯುವ ಪೋಲಾರ್ ಸಂಯುಕ್ತಗಳು ಶೇಕಡಾ 25 ಮೀರಬಾರದು ಎಂಬ ನಿಯಮ 2018ರ ಜುಲೈಯಿಂದ ಇದೆ. ಹಳ್ಳಿಯಲ್ಲಿ ಅದನ್ನು ಅಳೆಯುವ ಯಂತ್ರ ಯಾರ ಹತ್ತಿರ ಇದೆ? ಕಣ್ಣು ಮೂಗು ಇವೆ. ಬೋಂಡಾ ಬಿಟ್ಟ ತಕ್ಷಣ ಎಣ್ಣೆ ನೊರೆ ಕಟ್ಟಿ ಅಂಚಿಗೆ ಬಂದರೆ, ಬಾಣಲಿಯ ತಳ ಕಾಣದಷ್ಟು ಕಪ್ಪಾಗಿದ್ದರೆ, ಮೆಣಸಿನಕಾಯಿ ಬಜ್ಜಿಯಲ್ಲಿ ನಿನ್ನೆಯ ಬೋಂಡಾದ ವಾಸನೆ ಬಂದರೆ, ಆ ದಿನ ಬರೀ ಕಾಫಿ ಕುಡಿದು ಎದ್ದು ಬರುವುದು ಲೇಸು.

ಮಿಲಿಟರಿ ಹೋಟೆಲುಗಳ ವಿಷಯದಲ್ಲಿ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಒಳ್ಳೆಯ ಊಟ ಸಿಗುವುದು ಅಲ್ಲೇ. ಮುದ್ದೆ ಬಿಸಿಯಾಗಿರುತ್ತದೆ, ಸಾರು ಆ ದಿನದ್ದೇ ಆಗಿರುತ್ತದೆ, ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕುತ್ತಾರೆ. ತಲೆಮಾಂಸ, ಬೋಟಿ, ಕಾಲು ಸೂಪು, ಯಾವುದನ್ನೂ ನಾಳೆಗೆ ಇಡುವ ಪದ್ಧತಿಯಿಲ್ಲ. ಕಡೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಡೆ ಮುದ್ದೆಗೆ ಅಕ್ಕಿ ನುಚ್ಚು ಹಾಕಿ ಬೇಯಿಸಿ ತಿರುವುತ್ತಾರೆ, ಬಾಯಿಗೆ ಅಂಟುವುದಿಲ್ಲ, ಗಂಟಿಲ್ಲ, ನುಂಗಿದರೆ ಇಳಿದದ್ದೇ ತಿಳಿಯುವುದಿಲ್ಲ. ತಿರುವುವುದು ಆ ಮನೆಯ ಹೆಂಗಸು. ಬೋರ್ಡಿನಲ್ಲಿ ಹೆಸರು ಗಂಡನದು, ಗಲ್ಲಾದ ಮೇಲೆ ಕೂರುವವನು ಮಗ, "ಊಟ ಸೂಪರ್ ಕಣಣ್ಣ" ಎಂಬ ಹೊಗಳಿಕೆಯೂ ಗಲ್ಲಾಕ್ಕೇ ಹೋಗುತ್ತದೆ. ಒಲೆಯ ಹತ್ತಿರ ಹೋಗಿ ಹೇಳುವವರನ್ನು ನಾನಂತೂ ಕಂಡಿಲ್ಲ.

ಆದರೆ "ನಾಟಿಕೋಳಿ" ಎಂಬ ಬೋರ್ಡುಗಳ ಬಗ್ಗೆ ಎಚ್ಚರಿಸಬೇಕು. ಹೆದ್ದಾರಿಯಲ್ಲಿ ನೂರು ಹೆಜ್ಜೆಗೊಂದು ನಾಟಿಕೋಳಿ ಬೋರ್ಡಿದೆ. ಅಷ್ಟು ನಾಟಿಕೋಳಿ ನಮ್ಮ ಹಳ್ಳಿಗಳ ಯಾವ ತಿಪ್ಪೆಯ ಮೇಲೆ ಕೆದಕುತ್ತಿವೆ? ಅವುಗಳಲ್ಲಿ ಹಲವು ಹೆಬ್ಬಾಳದ ವಿಜ್ಞಾನಿಗಳು ಅಭಿವೃದ್ಧಿಪಡಿಸಿದ ಗಿರಿರಾಜ. ಅದು ಒಳ್ಳೆಯ ಕೋಳಿಯೇ, ರೈತರಿಗೆ ಉಪಕಾರ ಮಾಡಿದ ತಳಿ. ಗಿರಿರಾಜ ಎಂದೇ ಬರೆದರೆ ನನ್ನದೇನೂ ಆಕ್ಷೇಪವಿಲ್ಲ. ಇನ್ನು ಕೆಲವು, ಮೊಟ್ಟೆ ಇಟ್ಟು ಮುಗಿಸಿದ ಫಾರಂ ಲೇಯರ್ ಕೋಳಿ. ಮಾಂಸ ಬಿರುಸಾಗಿರುವುದರಿಂದ ಪೇಟೆಯವರು "ನಾಟಿ ಅಂದ್ರೆ ಹೀಗೇ ಇರುತ್ತೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಅಗಿಯುತ್ತಾರೆ. ಅದನ್ನು ನೋಡುವುದೂ ಒಂದು ಮನರಂಜನೆ. 

ಇನ್ನು ಹೇಳಲೇಬೇಕಾದ, ಹೇಳಿದರೆ ಊರಿನಲ್ಲಿ ಮುಖ ಕೆಡುವ ಮಾತು ಒಂದಿದೆ. ಹೋಟೆಲಿನ ರುಚಿಯ ಬಗ್ಗೆ ಇಷ್ಟೆಲ್ಲ ಹೇಳಿ, ಆ ರುಚಿ ಯಾರಿಗೆ ಯಾವ ಲೋಟದಲ್ಲಿ ಸಿಗುತ್ತದೆ ಎಂಬುದನ್ನು ಬಿಟ್ಟರೆ ಅದು ಮುಚ್ಚುಮರೆಯಿಲ್ಲದ ಮಾತಾಗುವುದಿಲ್ಲ. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರಸ್ತಾಪವೇ ಇದೆ. ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ತಡೆಯುವಂತಿಲ್ಲ. ಅಸ್ಪೃಶ್ಯತೆಯನ್ನು ಅಪರಾಧವೆಂದ 1955ರ ಕಾಯಿದೆ, ಹೋಟೆಲಿನಲ್ಲಿ ಎಲ್ಲರಿಗೆಂದು ಇಟ್ಟ ಪಾತ್ರೆ ಬಳಸದಂತೆ ಮಾಡುವುದನ್ನೂ ಅಪರಾಧವೆಂದು ಹೆಸರಿಸಿ ಹೇಳುತ್ತದೆ. ಲೋಟದ ವಿಷಯ ಕಾನೂನಿನವರೆಗೆ ಹೋಗಬೇಕಾಗಿತ್ತು ಎಂದರೆ ಅದು ಎಷ್ಟು ಸಾಮಾನ್ಯವಾಗಿತ್ತು ಎಂದು ಯೋಚಿಸಿ. ಹೊರಗಿನ ಕಲ್ಲಿನ ಮೇಲೆ ಬೋರಲು ಹಾಕಿದ ಲೋಟವನ್ನು, ಕುಡಿದವರೇ ತೊಳೆದಿಡುವುದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಪೇಪರ್ ಲೋಟ ಬಂದ ಮೇಲೆ ಅದು ಹೋಯಿತು ಎಂದು ನಾವೆಲ್ಲ ಸಮಾಧಾನಪಟ್ಟುಕೊಂಡೆವು. ಕೆಲವು ಕಡೆ ಕಣ್ಣಿಟ್ಟು ನೋಡಿ: ಒಳಗೆ ಬೆಂಚಿನ ಮೇಲೆ ಕೂತವರಿಗೆ ಸ್ಟೀಲ್ ಲೋಟ, ಬಾಗಿಲಾಚೆ ನಿಂತ ಕೆಲವರಿಗೆ ಕೇಳದೆಯೇ ಪೇಪರ್ ಲೋಟ. ಕೇಳಿದರೆ "ಪಾರ್ಸಲ್ ಅಂದ್ಕೊಂಡೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವನು ಅಲ್ಲೇ ನಿಂತು ಕುಡಿಯುತ್ತಿದ್ದಾನೆ, ಪಾರ್ಸಲ್ ಎಲ್ಲಿಗೆ?

ಎಲ್ಲ ಕಡೆ ಹೀಗಿಲ್ಲ. ಹೆದ್ದಾರಿಯ ಹೋಟೆಲಿನಲ್ಲಿ ಯಾರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ, ಅಲ್ಲಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಾರೆ. ತೊಂದರೆ ಇರುವುದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ. ಇಂಥ ಕಡೆ ಇಡ್ಲಿ ಎಷ್ಟೇ ಮೆತ್ತಗಿದ್ದರೂ ನನ್ನ ಲೆಕ್ಕದಲ್ಲಿ ಅದು ಕೆಟ್ಟ ಹೋಟೆಲು.

ಹೆಂಗಸರ ವಿಷಯದಲ್ಲೂ ಹಳ್ಳಿ ಹೋಟೆಲು ಇನ್ನೂ ಕಣ್ಣು ಬಿಟ್ಟಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಸ್ಪತ್ರೆಗೆ, ಸಂಘದ ಸಭೆಗೆ, ಬ್ಯಾಂಕಿಗೆ, ದೇವಸ್ಥಾನಕ್ಕೆ ಎಂದು ತಾಲ್ಲೂಕು ಕೇಂದ್ರಕ್ಕೆ ಬರುವ ಹೆಂಗಸರು ನನ್ನ ಕಣ್ಣಿಗೆ ಕಾಣುವಂತೆ ಹೆಚ್ಚಿದ್ದಾರೆ. ಗುಂಪಾಗಿ ಬಂದು ಮಸಾಲೆ ದೋಸೆ ಹೇಳುತ್ತಾರೆ, ತಮ್ಮ ದುಡ್ಡು ತಾವೇ ಕೊಡುತ್ತಾರೆ. ಚಟ್ನಿ ನೀರಾಗಿದ್ದರೆ "ಇದೇನಪ್ಪ ಇದು" ಎಂದು ಮುಖದ ಮೇಲೆ ಕೇಳುವವರೂ ಅವರೇ. ಅವರು ಸಾಲದ ಪುಸ್ತಕದಲ್ಲಿಲ್ಲ, ನೋಡಿ! ನಮ್ಮ ಹೋಟೆಲುಗಳು ಸುಧಾರಿಸುವುದಿದ್ದರೆ ಇವರಿಂದಲೇ ಎಂದು ನನಗೆ ನಂಬಿಕೆ. ಆದರೆ ಮೂವತ್ತು ಜನ ಕೂರುವ ಹೋಟೆಲಿನಲ್ಲಿ ಒಂದು ಶೌಚಾಲಯವಿಲ್ಲ. ಇದ್ದರೆ ಬೀಗ ಹಾಕಿದೆ, ಬೀಗದ ಕೈ ಸಪ್ಲೈಯರ್ ಹುಡುಗನ ಜೇಬಿನಲ್ಲಿ. ಆ ಹುಡುಗನನ್ನು ಕರೆದು ಬೀಗದ ಕೈ ಕೇಳಲು ಯಾವ ಹೆಂಗಸಿಗೆ ಮನಸ್ಸಾಗುತ್ತದೆ? "ಫ್ಯಾಮಿಲಿ ರೂಮ್" ಎಂದು ಬಾಗಿಲಿಗೆ ಬರೆದು ಒಳಗೆ ಈರುಳ್ಳಿ ಮೂಟೆ ಇಟ್ಟ ಹೋಟೆಲೂ ನನಗೆ ಗೊತ್ತು.

ಲೈಸೆನ್ಸು, ತಪಾಸಣೆ ಇತ್ಯಾದಿಗಳ ಮೇಲೆ ನಾನು ಹೆಚ್ಚು ಭರವಸೆ ಇಟ್ಟಿಲ್ಲ. 2011ರ ನಿಯಮಗಳು ಬಂದಾಗ ವರ್ಷಕ್ಕೆ 12 ಲಕ್ಷದವರೆಗಿನ ವಹಿವಾಟಿನ ಸಣ್ಣ ಹೋಟೆಲಿನವರು 100 ರೂಪಾಯಿ ಕಟ್ಟಿ ಹೆಸರು ನೋಂದಾಯಿಸಿದರೆ ಸಾಕಿತ್ತು. ಆ ಕಾಗದವನ್ನು ದೇವರ ಫೋಟೋದ ಪಕ್ಕ ನೇತುಹಾಕಿ ಅದಕ್ಕೂ ಊದುಬತ್ತಿ ಹಚ್ಚುವವರಿದ್ದಾರೆ. ಅಧಿಕಾರಿ ಬರುವುದು ಯಾವಾಗಲೋ, ಗಿರಾಕಿ ಬರುವುದು ದಿನಾ.

ಆದ್ದರಿಂದ ಹೇಳುವುದನ್ನು ಗಿರಾಕಿಯೇ ಹೇಳಬೇಕು. ಅದಕ್ಕೂ ಒಂದು ಕ್ರಮವಿದೆ. ತುಂಬಿದ ಹೋಟೆಲಿನಲ್ಲಿ ಎದ್ದು ನಿಂತು ಕೂಗಿದರೆ ಮಾಲೀಕ ಮರ್ಯಾದೆಗೆ ಅಂಜಿ ಜಗಳಕ್ಕೆ ಬರುತ್ತಾನೆ, ಸಾಂಬಾರು ಸರಿಹೋಗುವುದಿಲ್ಲ. ದುಡ್ಡು ಕೊಡುವಾಗ, ಗಲ್ಲಾದ ಹತ್ತಿರ, ತಗ್ಗಿದ ದನಿಯಲ್ಲಿ, ಯಾವುದು ಏನಾಗಿದೆ ಎಂದು ಹೇಳಬೇಕು. "ಚೆನ್ನಾಗಿಲ್ಲ" ಎಂದರೆ ಅವನಿಗೇನೂ ತಿಳಿಯದು. "ಬೆಲ್ಲ ಜಾಸ್ತಿಯಾಗಿದೆ, ಹುಣಸೆಹಣ್ಣು ಹಸಿ ಇದೆ" ಎಂದರೆ ಒಳಗೆ ಹೋಗಿ ಹೇಳುತ್ತಾನೆ. ಮೊದಲು ಸಾಲ ತೀರಿಸಿ, ಆಮೇಲೆ ಹೇಳಿ.

ನಾನು ಹೀಗೆ ಹೇಳುತ್ತ ಹೋದ ಒಂದು ಹೋಟೆಲಿನಲ್ಲಿ, ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ಮಾಲೀಕರು "ನಮ್ದೂ ಸ್ವಲ್ಪ ಕೇಳ್ತೀರಾ ಮೇಷ್ಟ್ರೇ?" ಎಂದು ಶುರು ಮಾಡಿದರು. ಅದನ್ನೂ ನಿಮಗೆ ಒಪ್ಪಿಸುತ್ತೇನೆ, ಅವರಿಗೆ ಮಾತು ಕೊಟ್ಟಿದ್ದೇನೆ.

"ಬೆಳಿಗ್ಗೆ ಮೂರೂವರೆಗೆ ಏಳ್ತೀವಿ. ಕೆಲಸಕ್ಕೆ ಹುಡುಗರು ಸಿಗಲ್ಲ, ಸಿಕ್ಕಿದೋರು ಹಬ್ಬಕ್ಕೆ ಊರಿಗೆ ಹೋದ್ರೆ ವಾಪಸ್ ಬರಲ್ಲ. ನಿಮ್ಮೋರು ಏನ್ ಮಾಡ್ತಾರೆ ಗೊತ್ತಾ? ಒಂದು ಬೈಟು ಕಾಫಿ ಹೇಳಿ ಪೇಪರ್‌ನ ನಾಕು ಜನ ನಾಕು ಭಾಗ ಮಾಡ್ಕೊಂಡು ಹತ್ತು ಗಂಟೆವರೆಗೂ ಬೆಂಚು ಬಿಡಲ್ಲ. ತಿಂದ ತಟ್ಟೇಲೇ ಕೈ ತೊಳೀತಾರೆ. ಸಿಂಕಲ್ಲಿ ಎಲೆಅಡಿಕೆ ಉಗೀತಾರೆ, ಅದನ್ನ ನನ್ನ ಹೆಂಡ್ತಿ ಬಳೀಬೇಕು. ಎರಡಿಡ್ಲಿಗೆ ನಾಕು ಸಲ ಸಾಂಬಾರು. ಬೆಲೆ ಎರಡು ರೂಪಾಯಿ ಏರಿಸಿದ್ರೆ ಊರೆಲ್ಲ ಪಂಚಾಯ್ತಿ; ಅದೇ ಜನ ಹೈವೇಲಿ ಅದೇ ಇಡ್ಲಿಗೆ ಎರಡರಷ್ಟು ಕೊಟ್ಟು ಫೋಟೋ ತೆಗೆಸ್ಕೊಂಡು ಬರ್ತಾರೆ. ಸಾಲ ಕೇಳಿದ್ರೆ ಕೊಡ್ತೀವಿ, ಕೊಡದೆ ಇರಕ್ಕಾಗಲ್ಲ, ನಮ್ಮೋರೇ ಅಲ್ವಾ. ಸಾಲ ಒಂದಷ್ಟಾದ ಮೇಲೆ ಆ ಮನುಷ್ಯ ಈ ಕಡೆ ತಲೆ ಹಾಕಲ್ಲ. ಎದುರುಗಡೆ ಹೋಟೆಲಿಗೆ ಹೋಗ್ತಾನೆ. ಅಲ್ಲಿ ಕೂತ್ಕೊಂಡು ನಮ್ಮ ಸಾಂಬಾರು ಸರಿಯಿಲ್ಲ ಅಂತ ಬೈತಾನೆ."